ನೀರು ನೋಡಿ ದಾರಿ ಹಾಕಿ: ಹಲವು ದಿನಗಳ ಚಾರಣಕ್ಕೆ ಯೋಜನೆ ಮಾಡುವುದು ಹೇಗೆ

ಹಲವು ದಿನಗಳ ಚಾರಣಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಮೊದಲು ಮಾಡುವುದು ಭಾಗಾಕಾರ. ಒಟ್ಟು ದಾರಿ 120 ಕಿ.ಮೀ. ರಜೆ ಇರುವುದು 6 ದಿನ. ಹಾಗಾದರೆ ದಿನಕ್ಕೆ 20. ಲೆಕ್ಕವೇನೋ ಸರಿ. ಆದರೆ ಆ 20ನೇ ಕಿಲೋಮೀಟರ್ ಬರುವುದು ಕಡಿದಾದ ಏರಿನ ನಡುವೆ ಆಗಿದ್ದರೆ? ಟೆಂಟ್ ಹಾಕಲು ಅಂಗೈಯಗಲ ಸಮತಟ್ಟು ಜಾಗ ಇಲ್ಲ. ನೀರು ಬೇಕೆಂದರೆ ಇನ್ನೂ 6 ಕಿ.ಮೀ. ನಡೆಯಬೇಕು. ಅಷ್ಟರಲ್ಲಿ ಕತ್ತಲು.

ಅದಕ್ಕೇ ಯಾರು ಕೇಳಿದರೂ ನಾನು ಉಲ್ಟಾ ಕ್ರಮವನ್ನೇ ಹೇಳುತ್ತೇನೆ. ಮೊದಲು ನೀರು ಎಲ್ಲೆಲ್ಲಿದೆ ಎಂದು ಗುರುತು ಮಾಡಿ. ಆಮೇಲೆ ಮಲಗುವ ಜಾಗ ಹುಡುಕಿ. ದಿನಕ್ಕೆ ಎಷ್ಟು ಕಿ.ಮೀ. ಅನ್ನುವುದು ಈ ಎರಡರಿಂದ ತಾನಾಗಿಯೇ ಬರುತ್ತದೆ. ಒಂದು ದಿನ 13 ಬಂದೀತು, ಮರುದಿನ 22. ಬರಲಿ ಬಿಡಿ.

ಟೆಂಟ್ ಹೊತ್ತುಕೊಂಡು, ಅಡುಗೆ ತಾವೇ ಮಾಡಿಕೊಂಡು, ನಾಲ್ಕಾರು ದಿನ ಅಥವಾ ಅದಕ್ಕಿಂತ ಹೆಚ್ಚು ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಗೈಡ್ ಜೊತೆಗೆ ಹೋಗುವವರಿಗೆ ಇದರಲ್ಲಿ ಅರ್ಧದಷ್ಟು ಬೇಕಾಗಲಿಕ್ಕಿಲ್ಲ.

1. ಯಾವ ತಿಂಗಳು, ಯಾರ ಅನುಮತಿ

ನಕ್ಷೆ ಬಿಚ್ಚುವ ಮೊದಲು ತಿಂಗಳು ತೀರ್ಮಾನ ಮಾಡಿ. ಒಂದೇ ದಾರಿಯಲ್ಲಿ ಮಳೆ ನಿಂತ ಮೇಲಿನ ತಿಂಗಳು ಹೆಜ್ಜೆಹೆಜ್ಜೆಗೂ ನೀರು ಸಿಗುತ್ತದೆ. ಬೇಸಿಗೆಯ ಕೊನೆಗೆ ಹೋದರೆ ಅದೇ ಹಳ್ಳದಲ್ಲಿ ಬರೀ ಕಲ್ಲು. ಹಿಮ ಬೀಳುವ ಬೆಟ್ಟಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಹಿಮ ಕರಗುವ ತಿಂಗಳಲ್ಲಿ ನೀರು ಜಾಸ್ತಿ, ಆದರೆ ಹೊಳೆ ದಾಟುವುದೇ ಅಪಾಯದ ಕೆಲಸ. ಹಿಮದ ನೀರಿನ ಹೊಳೆ ಬೆಳಗಿನ ಜಾವ ಇಳಿದಿರುತ್ತದೆ, ಮಧ್ಯಾಹ್ನದ ಮೇಲೆ ಏರುತ್ತದೆ. ಅಂಥ ಹೊಳೆಯ ಈಚೆ ದಡದಲ್ಲಿ ಮಲಗಿ, ಬೆಳಗ್ಗೆ ದಾಟುವ ಹಾಗೆ ದಿನ ಹೊಂದಿಸಿಕೊಳ್ಳಿ.

ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 4,265 ಕಿ.ಮೀ. ಉದ್ದದ ದಾರಿ ಅದು. ದಕ್ಷಿಣದಿಂದ ಉತ್ತರಕ್ಕೆ ಹೋಗುವವರಲ್ಲಿ ಬಹಳ ಮಂದಿ ಏಪ್ರಿಲ್ ಸುತ್ತಮುತ್ತ ಹೊರಡುತ್ತಾರೆ. ತೀರಾ ಬೇಗ ಹೊರಟರೆ ಮುಂದೆ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ. ತಡವಾದರೆ ಶುರುವಿನ ಮರುಭೂಮಿಯಲ್ಲೇ ನೀರು ಬತ್ತಿ, ಬಿಸಿಲು ಏರಿರುತ್ತದೆ. ನಡುವೆ ಸಿಗುವುದು ಕೆಲವೇ ವಾರಗಳ ಸಂದಿ. ನಿಮ್ಮ ದಾರಿ 80 ಕಿ.ಮೀ. ಇದ್ದರೂ ಅದಕ್ಕೂ ಇಂಥ ಒಂದು ಸಂದಿ ಇರುತ್ತದೆ. ಅದನ್ನು ಹುಡುಕುವುದು ಮೊದಲ ಕೆಲಸ.

ಅನುಮತಿಯೂ ಇದೇ ಹಂತದಲ್ಲಿ ಆಗಬೇಕು. ಎಲ್ಲಿ ಮಲಗಬಹುದು ಅನ್ನುವುದನ್ನು ಎಷ್ಟೋ ಕಡೆ ಕಾನೂನೇ ತೀರ್ಮಾನಿಸಿರುತ್ತದೆ. ಕೆಲವು ರಾಷ್ಟ್ರೀಯ ಉದ್ಯಾನಗಳಲ್ಲಿ ಗುರುತು ಮಾಡಿದ ಜಾಗದಲ್ಲೇ ಟೆಂಟ್ ಹಾಕಬೇಕು, ಅದೂ ಮೊದಲೇ ಬುಕ್ ಮಾಡಿ. ನಾರ್ವೆಯಲ್ಲಿ ತೆರೆದ ಬಯಲು, ಬೆಟ್ಟಗಳಲ್ಲಿ ಯಾರು ಬೇಕಾದರೂ ಟೆಂಟ್ ಹಾಕಬಹುದು, ಆದರೆ ಜನವಾಸದ ಮನೆಯಿಂದ ಕನಿಷ್ಠ 150 ಮೀಟರ್ ದೂರ ಇರಬೇಕು. ಪೆಸಿಫಿಕ್ ಕ್ರೆಸ್ಟ್ ಟ್ರೇಲಿನ ದಕ್ಷಿಣದ ತುದಿಯಿಂದ ದೂರದ ಚಾರಣಕ್ಕೆ ಹೊರಡಲು ದಿನಕ್ಕೆ 50 ಜನರಿಗೆ ಮಾತ್ರ ಪರ್ಮಿಟ್. ನಿಯಮ ತಿಳಿಯದೆ ಚಂದದ ಯೋಜನೆ ಹಾಕಿ, ಆಮೇಲೆ ಪರ್ಮಿಟ್ ಕೊಡುವ ಕಚೇರಿಯವರು ಬೇರೆ ಜಾಗ ಕೊಟ್ಟರೆ ನೀರಿನ ಲೆಕ್ಕವೆಲ್ಲ ಬುಡಮೇಲು.

2. ನಕ್ಷೆಯಲ್ಲಿ ನೀರು ಹುಡುಕುವುದು

ಇದಕ್ಕೆ ಒಂದು ಸಂಜೆ ಪೂರ್ತಿ ಎತ್ತಿಡಿ. ಇಡೀ ಯೋಜನೆಯಲ್ಲಿ ನನಗೆ ಹೆಚ್ಚು ಖುಷಿ ಕೊಡುವ ಭಾಗವೂ ಇದೇ.

1:50,000 ಅಥವಾ 1:25,000 ಅಳತೆಯ, ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇರುವ ನಕ್ಷೆ ಬೇಕು. ಮೊದಲನೆಯದರಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ರಸ್ತೆ ನಕ್ಷೆಯಿಂದ ಏನೂ ಉಪಯೋಗ ಇಲ್ಲ. ಹೆಚ್ಚಿನ ನಕ್ಷೆಗಳಲ್ಲಿ ನಿರಂತರವಾದ ನೀಲಿ ಗೆರೆ ಅಂದರೆ ವರ್ಷವಿಡೀ ಹರಿಯುವ ನೀರು, ತುಂಡು ತುಂಡು ಗೆರೆ ಅಂದರೆ ಮಳೆಗಾಲದ ಹಳ್ಳ. ನಿಮ್ಮ ನಕ್ಷೆಯ ಮೂಲೆಯಲ್ಲಿರುವ ಚಿಹ್ನೆಗಳ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ಆದರೆ ಈ ಗೆರೆಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಸರ್ವೆ ಆಗಿ ದಶಕಗಳೇ ಕಳೆದಿರಬಹುದು.

ಒಂದು ಹಳ್ಳ ಬೇಸಿಗೆಯಲ್ಲೂ ಹರಿಯುತ್ತದೆಯೇ ಎಂದು ಊಹಿಸಲು ಒಂದು ದಾರಿ ಇದೆ. ನಿಮ್ಮ ದಾರಿ ಆ ಹಳ್ಳವನ್ನು ದಾಟುವ ಜಾಗದಿಂದ ಮೇಲಕ್ಕೆ ನೋಡಿ. ಕಣಿವೆ ಇರುವಲ್ಲಿ ಕಾಂಟೂರ್ ಗೆರೆಗಳು ಏರಿನ ಕಡೆಗೆ ಮೂತಿ ಚಾಚಿ ಬಾಗಿರುತ್ತವೆ. ಅಂಥ ಕಣಿವೆಗಳು ಎಷ್ಟು ಬಂದು ಸೇರುತ್ತವೆ? ಎಷ್ಟು ದೊಡ್ಡ ಪ್ರದೇಶದ ಮಳೆ ಈ ಹಳ್ಳಕ್ಕೆ ಇಳಿಯುತ್ತದೆ? ಹತ್ತಾರು ಚದರ ಕಿ.ಮೀ. ಜಾಗದ ನೀರು ಬಂದು ಸೇರುವ ಹೊಳೆಯಾದರೆ ಒಳ್ಳೆಯ ಸೂಚನೆ. ಬೆಟ್ಟದ ನೆತ್ತಿಗೆ ಅರ್ಧ ಕಿ.ಮೀ. ಕೆಳಗೆ ಹುಟ್ಟುವ ಸಣ್ಣ ಹಳ್ಳ ಮಳೆ ನಿಂತ ಕೆಲವೇ ವಾರಗಳಲ್ಲಿ ಒಣಗಬಹುದು. ಒರತೆಗಳಿಗೆ ಈ ಲೆಕ್ಕ ಅನ್ವಯ ಆಗುವುದಿಲ್ಲ. ನೆಲದೊಳಗಿನ ನೀರು ಅದು. ದೊಡ್ಡ ಹಳ್ಳ ಒಣಗಿದಾಗಲೂ ಪಕ್ಕದ ಪುಟ್ಟ ಒರತೆ ಜಿನುಗುತ್ತಿರುವುದು ಉಂಟು.

ಮೂರನೇ ಆಯಾಮವನ್ನು ಮರೆಯಬೇಡಿ. ದಾರಿ ಬೆಟ್ಟದ ಬೆನ್ನ ಮೇಲೆ ಸಾಗುತ್ತಿದ್ದರೆ, ನಕ್ಷೆಯಲ್ಲಿ ನೀರು ಬರೀ 400 ಮೀಟರ್ ದೂರದಲ್ಲಿ ಕಾಣಿಸುತ್ತದೆ. ಕಾಂಟೂರ್ ಎಣಿಸಿದರೆ ಅದು 150 ಮೀಟರ್ ಕೆಳಗಿರುತ್ತದೆ. ಇಳಿದು, ತುಂಬಿಸಿಕೊಂಡು, ಭಾರ ಹೊತ್ತು ಹತ್ತಿ ಬರಲು ಒಂದು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಅದನ್ನು "ದಾರಿಯಲ್ಲಿರುವ ನೀರು" ಎಂದು ಬರೆದುಕೊಳ್ಳುವುದು ನಮ್ಮನ್ನು ನಾವೇ ಏಮಾರಿಸಿಕೊಂಡ ಹಾಗೆ.

ಈಗ ಉಪಗ್ರಹ ಚಿತ್ರ. ಗೂಗಲ್ ಅರ್ಥ್ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಆ ಚಿತ್ರ ಯಾವ ತಿಂಗಳಿನದು ಎಂದು ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ತೆಗೆದ ಚಿತ್ರ ನೋಡಿ ಬೇಸಿಗೆಗೆ ಹೊರಟರೆ ಕೆಟ್ಟಿತು. ಇದಕ್ಕಿಂತ ನನಗೆ ಇಷ್ಟ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು. ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಹೊಸ ಚಿತ್ರ ಬರುತ್ತದೆ, ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಹಾಗಾಗಿ ಸಣ್ಣ ತೊರೆ ಕಾಣುವುದಿಲ್ಲ. ಕೆರೆ, ಹೊಂಡ, ಅಗಲವಾದ ಹೊಳೆ ಕಾಣುತ್ತವೆ. ಇನ್‌ಫ್ರಾರೆಡ್ ಚಿತ್ರ ಆರಿಸಿಕೊಂಡರೆ ತಿಳಿನೀರು ಕಪ್ಪಗೆ ಎದ್ದು ಕಾಣುತ್ತದೆ. ನೀವು ಹೊರಡುವ ತಿಂಗಳಿನದೇ ಚಿತ್ರವನ್ನು ಕಳೆದ ವರ್ಷದ್ದು, ಅದರ ಹಿಂದಿನ ಎರಡು ವರ್ಷದ್ದು ಎಂದು ತೆಗೆದು ನೋಡಿ. ಮೂರು ವರ್ಷವೂ ನೀರು ಕಂಡರೆ ಆ ಕೆರೆಯ ಬಗ್ಗೆ ಸ್ವಲ್ಪ ಧೈರ್ಯ ಬರುತ್ತದೆ. ಒಣಗಿದ ಕಂದು ನೆಲದ ನಡುವೆ ತೆಳ್ಳಗೆ ಹಸಿರು ಗೆರೆ ಕಂಡರೆ ಅಲ್ಲಿ ನೆಲದಡಿ ತೇವ ಇದೆ ಎಂದರ್ಥ. ಆದರೆ ಮೇಲೆ ನೀರು ಇದೆ ಎಂದು ಅರ್ಥವಲ್ಲ.

ಕೊನೆಯದಾಗಿ ಜನ. ಹೆಸರುವಾಸಿ ದಾರಿಗಳಿಗೆ ಫಾರ್‌ಔಟ್ ತರಹದ ಆ್ಯಪ್‌ಗಳಿವೆ. ನಡೆದವರು ಒಂದೊಂದು ನೀರಿನ ಜಾಗಕ್ಕೂ ತಾರೀಖಿನ ಸಮೇತ ಟಿಪ್ಪಣಿ ಹಾಕಿರುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಜನರೇ ಸೇರಿ ಮಾಡುವ ಆನ್‌ಲೈನ್ ನಕ್ಷೆ) ಒರತೆ, ಬಾವಿ, ಕುಡಿಯುವ ನೀರಿನ ನಲ್ಲಿ ಗುರುತು ಮಾಡಿರುತ್ತಾರೆ. ಅದನ್ನು ಯಾರೋ ಎಂದೋ ಹಾಕಿದ್ದು, ಹಾಗಾಗಿ ಸುಳಿವು ಅಂತ ಮಾತ್ರ ತೆಗೆದುಕೊಳ್ಳಿ. ಅರಣ್ಯ ಸಿಬ್ಬಂದಿ, ಕುರಿ ದನ ಮೇಯಿಸುವವರು ಸಿಕ್ಕರೆ ಅವರಷ್ಟು ಚೆನ್ನಾಗಿ ಹೇಳುವವರು ಇಲ್ಲ. ಕೇಳುವ ರೀತಿ ಮಾತ್ರ ಸರಿ ಇರಬೇಕು. "ಅಲ್ಲಿ ನೀರು ಸಿಗುತ್ತಾ?" ಎಂದರೆ ಹೆಚ್ಚಿನವರು "ಸಿಗುತ್ತೆ" ಅಂತಲೇ ಹೇಳುತ್ತಾರೆ. "ನೀವು ಕೊನೆಯ ಸಲ ನೋಡಿದ್ದು ಯಾವಾಗ? ಹರಿಯುತ್ತಿತ್ತಾ, ನಿಂತಿತ್ತಾ? ಬೇಸಿಗೆಯಲ್ಲಿ ದನಗಳಿಗೆ ಎಲ್ಲಿ ಕುಡಿಸ್ತೀರಿ?" ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ.

3. ಪಟ್ಟಿ ಮಾಡಿ, ಅನುಮಾನದ್ದನ್ನೆಲ್ಲ ಒಣಗಿದೆ ಅಂದುಕೊಳ್ಳಿ

ಸಿಕ್ಕ ಒಂದೊಂದು ನೀರನ್ನೂ ಹಾಳೆಯ ಮೇಲೆ ಬರೆಯಿರಿ. ಶುರುವಿನಿಂದ ಎಷ್ಟು ಕಿ.ಮೀ., ಏನದು, ದಾರಿಯಿಂದ ಎಷ್ಟು ದೂರ ಮತ್ತು ಎಷ್ಟು ಕೆಳಗೆ, ಮಾಹಿತಿ ಯಾವ ತಾರೀಖಿನದು, ನಂಬಿಕೆ ಎಷ್ಟು. ನಂಬಿಕೆಗೆ ಎರಡೇ ದರ್ಜೆ ಸಾಕು: ಖಚಿತ, ಅನುಮಾನ. ಮೂರು ನಾಲ್ಕು ದರ್ಜೆ ಮಾಡಿಕೊಂಡರೆ ನಡುವಿನ ದರ್ಜೆಗೆ ಎಲ್ಲವನ್ನೂ ತಳ್ಳುವ ಆಸೆ ಆಗುತ್ತದೆ.

ಒಂದು ಕಲ್ಪಿತ ದಾರಿ ತೆಗೆದುಕೊಳ್ಳೋಣ.

- 0 ಕಿ.ಮೀ.: ಶುರು, ನಲ್ಲಿ ನೀರು. ಖಚಿತ.
- 7 ಕಿ.ಮೀ.: ದೊಡ್ಡ ಕಣಿವೆಯ ಹಳ್ಳ, ಹೋದ ವಾರ ಹರಿಯುತ್ತಿತ್ತು. ಖಚಿತ.
- 12 ಕಿ.ಮೀ.: ಒರತೆ, ಹಳೇ ನಕ್ಷೆಯಲ್ಲಿದೆ. ಅನುಮಾನ.
- 19 ಕಿ.ಮೀ.: ಬೆಟ್ಟದ ಬೆನ್ನಿನ ಹೊಂಡ. ಅನುಮಾನ.
- 27 ಕಿ.ಮೀ.: ನದಿ. ಖಚಿತ.

ನೋಡಲು ಐದು ಕಡೆ ನೀರು. ಆದರೆ ಯೋಜನೆಯ ಮಟ್ಟಿಗೆ 7ರಿಂದ 27ರವರೆಗೆ ನೀರೇ ಇಲ್ಲ. 20 ಕಿ.ಮೀ. ಒಣ ದಾರಿ. ಒರತೆ ಸಿಕ್ಕರೆ ಅದೃಷ್ಟ, ಅಷ್ಟೇ.

ಇನ್ನು ಸಮಯ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿ.ಮೀ.ಗೆ 1 ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆಯುವ ವೇಗ. ಟೆಂಟ್, ಅಡುಗೆ, ನೀರು ಹೊತ್ತವರು ಬಂದ ಉತ್ತರವನ್ನು 1.4ರಿಂದ ಗುಣಿಸಿಕೊಳ್ಳುವುದು ಒಳ್ಳೆಯದು. ಈ 1.4 ನನ್ನ ಅಂದಾಜು. ಒಂದೆರಡು ದಿನ ನಡೆದ ಮೇಲೆ ನಿಮ್ಮದೇ ಸಂಖ್ಯೆ ಸಿಗುತ್ತದೆ. ಕಡಿದಾದ ಇಳಿಜಾರಿನಲ್ಲೂ ವೇಗ ಕಡಿಮೆಯಾಗುತ್ತದೆ, ಇಳಿಯುವುದೆಂದರೆ ಸಲೀಸು ಅಂದುಕೊಳ್ಳಬೇಡಿ.

ನಮ್ಮ ಒಣ ದಾರಿಯಲ್ಲಿ 20 ಕಿ.ಮೀ., ಒಟ್ಟು 900 ಮೀಟರ್ ಏರು ಇದೆ ಅಂದುಕೊಳ್ಳಿ. 4 ಗಂಟೆ, ಮೇಲೆ ಒಂದೂವರೆ, ಒಟ್ಟು ಐದೂವರೆ. 1.4ರಿಂದ ಗುಣಿಸಿದರೆ ಹತ್ತಿರ ಹತ್ತಿರ 8 ಗಂಟೆ.

ಹಿತವಾದ ಹವೆಯಲ್ಲಿ ನಡೆಯುವಾಗ ಗಂಟೆಗೆ ಅರ್ಧ ಲೀಟರ್ ನೀರು ಬೇಕಾಗುತ್ತದೆ. ಸುಡುಬಿಸಿಲಿನಲ್ಲಿ, ಏರಿನಲ್ಲಿ ಅದು 1 ಲೀಟರ್ ಮುಟ್ಟಬಹುದು. ಹಾಗಾದರೆ 8 ಗಂಟೆಗೆ 4 ಲೀಟರ್, ಕೈಗಾವಲಿಗೆ ಇನ್ನರ್ಧ. ಒಂದು ಲೀಟರ್ ಅಂದರೆ ಒಂದು ಕಿಲೋ. ನಾಲ್ಕೂವರೆ ಕಿಲೋ ಬೆನ್ನ ಮೇಲೆ ಬಂತು. ಇಷ್ಟು ಬೇಕಾಗುವುದು 7ನೇ ಕಿ.ಮೀ.ನ ಹಳ್ಳದ ಹತ್ತಿರ ಮಲಗಿ, ಮರುದಿನ ಒಂದೇ ಸಮ ನದಿಗೆ ಹೋಗಿ ಮುಟ್ಟಿದರೆ.

ಮೊದಲ ದಿನ ಬರೀ 7 ಕಿ.ಮೀ. ನಡೆದು ಕೂರಲು ಮನಸ್ಸಾಗುವುದಿಲ್ಲ, ಅಲ್ವಾ? ಇನ್ನೊಂದು ಉಪಾಯ ಇದೆ. ಹಳ್ಳದ ಹತ್ತಿರ ಸಂಜೆ 4 ಗಂಟೆಗೇ ನಿಂತು ರಾತ್ರಿ ಊಟ ಅಲ್ಲೇ ಮಾಡಿ ಮುಗಿಸಿ. ಪಾತ್ರೆ ತೊಳೆದು, ಹೊಟ್ಟೆ ತುಂಬಾ ನೀರು ಕುಡಿದು, ತಂಪಿನಲ್ಲಿ ಇನ್ನೂ 4 ಕಿ.ಮೀ. ನಡೆದು 11ನೇ ಕಿ.ಮೀ.ನಲ್ಲಿ ನೀರಿಲ್ಲದ ಕಡೆ ಮಲಗಿ. ಅಲ್ಲಿಗೆ ಹೋಗಲು ಮುಕ್ಕಾಲು ಲೀಟರ್, ರಾತ್ರಿ ಮತ್ತು ಬೆಳಗ್ಗೆಗೆ 1 ಲೀಟರ್, ಉಳಿದ 16 ಕಿ.ಮೀ. ಆರು ಗಂಟೆಯ ದಾರಿಗೆ 3 ಲೀಟರ್. ಹತ್ತಿರ 5 ಲೀಟರ್, ಕೈಗಾವಲು ಬೇರೆ. ಹೊರುವ ನೀರು ಸ್ವಲ್ಪ ಜಾಸ್ತಿ ಆಯಿತು. ಆದರೆ ಮರುದಿನದ ನಡಿಗೆ ಎರಡು ಗಂಟೆ ಕಡಿಮೆ, ಬಿಸಿಲೇರುವ ಮೊದಲು ಏರಿನ ದೊಡ್ಡ ಪಾಲು ಮುಗಿದಿರುತ್ತದೆ. ಬಿಸಿಲಿನ ಪ್ರದೇಶವಾದರೆ ನಾನು ಇದನ್ನೇ ಆರಿಸುತ್ತೇನೆ. ಅದೇ ಒಣ ಜಾಗದಲ್ಲಿ ಅಡುಗೆಯನ್ನೂ ಮಾಡುತ್ತೇನೆ ಎಂದರೆ ಇನ್ನೂ ಒಂದು, ಒಂದೂವರೆ ಲೀಟರ್ ಹೊರಬೇಕು. ಅದು ಸುಮ್ನೆ ಭಾರ.

ಹೀಗೆ ಒಂದೊಂದು ಒಣ ತುಂಡಿಗೂ ಲೆಕ್ಕ ಹಾಕಿ. ನಿಮ್ಮ ದಾರಿಯಲ್ಲಿ ಅತಿ ಉದ್ದದ ಒಣ ತುಂಡಿಗೆ ಎಷ್ಟು ಬೇಕೋ ಅಷ್ಟು ಹಿಡಿಸುವ ಬಾಟಲಿಗಳು ನಿಮ್ಮ ಹತ್ತಿರ ಇರಬೇಕು. ಒಂದೇ ದೊಡ್ಡ ಚೀಲದಲ್ಲಿ ಎಲ್ಲ ನೀರು ಬೇಡ. ಅದು ಒಡೆದರೆ ಎಲ್ಲ ಹೋಯಿತು. ಮಡಚುವ ಚೀಲ ಒಂದು, ಗಟ್ಟಿ ಬಾಟಲಿ ಎರಡು ಅಂತ ಹಂಚಿಕೊಳ್ಳಿ. ಸೋಸದ ನೀರಿಗೆ ಬೇರೆಯದೇ ಪಾತ್ರೆ ಇರಲಿ, ಗುರುತು ಹಾಕಿರಿ.

4. ಮಲಗುವ ಜಾಗ

ನೀರಿನ ಪಟ್ಟಿ ಆದ ಮೇಲೆ ಟೆಂಟ್ ಜಾಗ ಹುಡುಕುವುದು ಸಲೀಸು. 1:50,000 ನಕ್ಷೆಯಲ್ಲಿ 20 ಮೀಟರಿಗೊಂದು ಕಾಂಟೂರ್ ಇದೆ ಎನ್ನಿ. ಎರಡು ಗೆರೆಗಳ ನಡುವೆ 1 ಮಿ.ಮೀ. ಮಾತ್ರ ಇದ್ದರೆ ಅಲ್ಲಿ 50 ಮೀಟರ್ ಹೋದರೆ 20 ಮೀಟರ್ ಏರು. ಅಲ್ಲಿ ಮಲಗಿದರೆ ರಾತ್ರಿಯಿಡೀ ಜಾರುವುದೇ ಕೆಲಸ. ಗೆರೆಗಳ ನಡುವೆ 5 ಮಿ.ಮೀ. ಅಥವಾ ಹೆಚ್ಚು ಇದ್ದರೆ ನೋಡಬಹುದು. ಆ ಜಾಗವನ್ನು ಉಪಗ್ರಹ ಚಿತ್ರದಲ್ಲಿ ತೆರೆದು, ಬಯಲಾ, ಪೊದೆಯಾ, ಬಂಡೆಯಾ ಎಂದು ಖಚಿತ ಮಾಡಿಕೊಳ್ಳಿ. 20 ಮೀಟರಿನ ಗೆರೆಗಳ ನಡುವೆ ಮನೆಯೆತ್ತರದ ಬಂಡೆ ಅಡಗಿದ್ದರೂ ನಕ್ಷೆ ಹೇಳುವುದಿಲ್ಲ.

ಪ್ರತಿ ರಾತ್ರಿಗೆ ಎರಡು ಜಾಗ ಗುರುತು ಮಾಡಿ. ಒಂದು ನೀವು ಮುಟ್ಟಬೇಕೆಂದಿರುವುದು. ಇನ್ನೊಂದು ಅದಕ್ಕೆ ಮೂರು ನಾಲ್ಕು ಕಿ.ಮೀ. ಮೊದಲು ಬರುವುದು. ಕಾಲು ಉಳುಕಿದರೆ, ಮಳೆ ಹಿಡಿದರೆ, ಜೊತೆಗಿದ್ದವರು ಸುಸ್ತಾದರೆ ಮೊದಲು ಬರುವ ಜಾಗವೇ ಕೆಲಸಕ್ಕೆ ಬರುವುದು. ಮುಂದಿನ ಜಾಗವನ್ನು ಪರ್ಯಾಯ ಅಂತ ಬರೆದುಕೊಳ್ಳುವವರಿದ್ದಾರೆ. ಸುಸ್ತಾದವರಿಗೆ "ಇನ್ನೂ 4 ಕಿ.ಮೀ. ಹೋಗೋಣ" ಅನ್ನುವುದು ಎಂಥ ಪರ್ಯಾಯ!

ಅಲ್ಲಿಗೆ ಮುಟ್ಟಿದ ಮೇಲೆ ನೋಡಬೇಕಾದದ್ದು ಇಷ್ಟು. ನೀರಿನಿಂದ ಕನಿಷ್ಠ 60 ಮೀಟರ್, ಅಂದರೆ ದೊಡ್ಡವರ 70, 80 ಹೆಜ್ಜೆ ದೂರ ಇರಿ. ನೀರು ಕೊಳೆಯಾಗುವುದಿಲ್ಲ, ರಾತ್ರಿ ಕುಡಿಯಲು ಬರುವ ಪ್ರಾಣಿಗಳ ದಾರಿಗೆ ಅಡ್ಡವೂ ಆಗುವುದಿಲ್ಲ. ನೀರಿನ ಅಂಚಿನಲ್ಲಿ ತೇವ ಜಾಸ್ತಿ, ಬೆಳಗ್ಗೆ ಏಳುವಷ್ಟರಲ್ಲಿ ಟೆಂಟಿನ ಒಳಗೆಲ್ಲ ಹನಿ. ಒಣಗಿದ ಹಳ್ಳದ ಮರಳು ಮೆತ್ತಗೆ, ಸಮತಟ್ಟಾಗಿ ಕರೆಯುತ್ತದೆ. ಅಲ್ಲಿ ಎಂದಿಗೂ ಮಲಗಬೇಡಿ. ನಿಮ್ಮ ತಲೆಯ ಮೇಲೆ ಆಕಾಶ ಶುಭ್ರವಾಗಿದ್ದರೂ ಹತ್ತಾರು ಕಿ.ಮೀ. ಮೇಲೆ ಸುರಿದ ಮಳೆ ರಾತ್ರಿ ಬಂದು ಸೇರಬಹುದು.

ಆಮೇಲೆ ತಲೆ ಎತ್ತಿ ನೋಡಿ. ಒಣಗಿದ ಮರ, ಮುರಿದು ನೇತಾಡುವ ಕೊಂಬೆ ಇದ್ದರೆ ಜಾಗ ಬದಲಿಸಿ. ಕಣಿವೆಯ ತಳಕ್ಕೆ ರಾತ್ರಿ ತಣ್ಣನೆಯ ಗಾಳಿ ಇಳಿದು ನಿಲ್ಲುತ್ತದೆ. ಅದಕ್ಕೆ ಸ್ವಲ್ಪ ಮೇಲಿನ ದಿಣ್ಣೆ ಎಷ್ಟೋ ಬೆಚ್ಚಗೆ. ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ ಗಾಳಿ ಕೊಳವೆಯಲ್ಲಿ ನುಗ್ಗಿದ ಹಾಗೆ ನುಗ್ಗುತ್ತದೆ. ನೆತ್ತಿಯ ಬಯಲಿನಲ್ಲಿ ಸಿಡಿಲಿನ ಭಯ. ಹಾಗಾಗಿ ನಡು ಎತ್ತರದ, ಗಾಳಿಗೆ ಮರೆ ಇರುವ, ಮೊದಲೇ ಜನ ಟೆಂಟ್ ಹಾಕಿ ಗಟ್ಟಿಯಾದ ನೆಲ ಸಿಕ್ಕರೆ ಅದೇ ಒಳ್ಳೆಯದು. ಹೊಸ ಹುಲ್ಲು ತುಳಿದು ಹೊಸ ಜಾಗ ಮಾಡುವ ಅಗತ್ಯ ಇಲ್ಲ.

ಎತ್ತರದ ಬೆಟ್ಟಗಳಿಗೆ ಇನ್ನೊಂದು ನಿಯಮ, ದೇಹ ಎತ್ತರಕ್ಕೆ ಹೊಂದಿಕೊಳ್ಳಲಿ ಎಂದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಒಂದು ರಾತ್ರಿ ಹೆಚ್ಚಿಗೆ ಕಳೆಯಬೇಕು. ಹಗಲು ಎಷ್ಟು ಹತ್ತಿ ಇಳಿದಿರಿ ಎನ್ನುವುದಕ್ಕಿಂತ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ಪ್ರತಿ 1,000 ಮೀಟರ್ ಏರಿದಾಗ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಕೆಳಗಿನ ಊರಿನ ಹವಾಮಾನ ನೋಡಿ ಮಲಗುವ ಚೀಲ ಆರಿಸುವವರು ಇದನ್ನು ಕಳೆದು ನೋಡಿ.

ನೀರು ತೊಟ್ಟಿ ಇರುವ ತಂಗುದಾಣಗಳ ದಾರಿಗಳೂ ಇವೆ. ಪಶ್ಚಿಮ ಆಸ್ಟ್ರೇಲಿಯಾದ ಬಿಬ್ಬುಲ್ಮನ್ ಟ್ರ್ಯಾಕ್ ಸುಮಾರು 1,000 ಕಿ.ಮೀ. ಉದ್ದ. ಉದ್ದಕ್ಕೂ ಕ್ಯಾಂಪ್ ಜಾಗಗಳಲ್ಲಿ ಮಳೆನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಮೊದಲ ಸಲ ದೂರ ನಡೆಯುವವರಿಗೆ ಇಂಥ ದಾರಿಯೇ ಸರಿ. ಆದರೂ ತೊಟ್ಟಿ ಇದೆ ಅಂದಮಾತ್ರಕ್ಕೆ ಅದರಲ್ಲಿ ನೀರು ಇದೆ ಎಂದಲ್ಲ. ಯಾರೋ ದಾರಿಬದಿಯಲ್ಲಿ ಇಟ್ಟುಹೋದ ನೀರಿನ ಕ್ಯಾನ್‌ಗಳನ್ನಂತೂ ಪಟ್ಟಿಯಲ್ಲಿ ಬರೆಯಲೇಬೇಡಿ.

ಶೌಚಕ್ಕೂ ಜಾಗದ ಲೆಕ್ಕ ಉಂಟು. ನೀರು, ದಾರಿ, ಟೆಂಟ್ ಮೂರರಿಂದಲೂ 60 ಮೀಟರ್ ಆಚೆ, 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ, ಮಣ್ಣು ಮುಚ್ಚಿ. ಕಾಗದ ವಾಪಸ್ ತನ್ನಿ.

5. ಸಿಕ್ಕ ನೀರನ್ನು ಕುಡಿಯುವಂತೆ ಮಾಡುವುದು

ಬೆಟ್ಟದ ನೀರು ತಿಳಿಯಾಗಿರುತ್ತದೆ, ಹಾಗಾಗಿ ಶುದ್ಧ ಅನ್ನುವ ನಂಬಿಕೆ ಬಹಳ ಜನರಿಗಿದೆ. ಜಿಯಾರ್ಡಿಯಾ ಎಂಬ ಪರೋಪಜೀವಿ ಕಣ್ಣಿಗೆ ಕಾಣುವುದಿಲ್ಲ. ಮೇಲೆಲ್ಲೋ ದನವೋ ಕಾಡುಪ್ರಾಣಿಯೋ ಗಲೀಜು ಮಾಡಿದ್ದರೆ ಸಾಕು.

ಕುದಿಸುವುದು ಎಲ್ಲಕ್ಕಿಂತ ಭದ್ರ. ಚೆನ್ನಾಗಿ ಮರಳಲು ಶುರುವಾದ ಮೇಲೆ 1 ನಿಮಿಷ ಸಾಕು. 2,000 ಮೀಟರಿಗಿಂತ ಮೇಲೆ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ 3 ನಿಮಿಷ ಬಿಡಿ. ತೊಂದರೆ ಎಂದರೆ ಇಂಧನ ಖರ್ಚಾಗುತ್ತದೆ, ಸಮಯವೂ ಬೇಕು.

ಈಗ ಹೆಚ್ಚಿನವರು ಒಯ್ಯುವುದು ಟೊಳ್ಳು ನೂಲಿನ ಪುಟ್ಟ ಫಿಲ್ಟರ್. ಅದರ ರಂಧ್ರ 0.1 ಅಥವಾ 0.2 ಮೈಕ್ರಾನ್. ಬ್ಯಾಕ್ಟೀರಿಯಾ, ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ ಎಂಬ ಇನ್ನೊಂದು ಪರೋಪಜೀವಿ ಇದರಲ್ಲಿ ನಿಲ್ಲುತ್ತವೆ. ವೈರಸ್ ನಿಲ್ಲುವುದಿಲ್ಲ. ಮೇಲೆ ಜನವಸತಿ ಇದ್ದು ಕೊಳಚೆ ಸೇರುವ ಸಾಧ್ಯತೆ ಇದ್ದರೆ ಸೋಸಿದ ಮೇಲೆ ನೀರು ಶುದ್ಧ ಮಾಡುವ ಮಾತ್ರೆಯನ್ನೂ ಹಾಕಿ, ಇಲ್ಲವೇ ಕುದಿಸಿ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಮ್ಮೆ ಬಳಸಿದ ಈ ಫಿಲ್ಟರಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಒಳಗಿನ ನೂಲು ಸೀಳಿಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ನೀರೂ ಎಂದಿನಂತೆ ಬರುತ್ತದೆ, ಆದರೆ ಸೋಸುವುದಿಲ್ಲ. ಚಳಿ ಇರುವ ಕಡೆ ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ.

ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಹಗುರ, ಕೆಡುವ ಭಾಗಗಳಿಲ್ಲ. ಬ್ಯಾಕ್ಟೀರಿಯಾ, ವೈರಸ್ ಸಾಯಲು ಅರ್ಧ ಗಂಟೆ ಸಾಕಾದರೂ ಕ್ರಿಪ್ಟೋಸ್ಪೊರಿಡಿಯಂಗೆ 4 ಗಂಟೆ ಬೇಕು. ಅಯೋಡಿನ್ ಅದನ್ನು ಕೊಲ್ಲುವುದಿಲ್ಲ. ಯುವಿ ದೀಪ ಚೆನ್ನಾಗಿದೆ, ಆದರೆ ನೀರು ತಿಳಿಯಾಗಿರಬೇಕು, ಬ್ಯಾಟರಿಯೂ ಇರಬೇಕು. ನನ್ನ ಆಯ್ಕೆ: ದಿನಬಳಕೆಗೆ ಫಿಲ್ಟರ್, ಅದು ಕೆಟ್ಟರೆ ಇರಲಿ ಎಂದು ಒಂದು ಪಟ್ಟಿ ಮಾತ್ರೆ.

ಇದಾವುದಕ್ಕೂ ಬಗ್ಗದ ನೀರೂ ಇದೆ. ಗಣಿ ಕೆಳಗಿನ ಹಳ್ಳ, ಔಷಧಿ ಹೊಡೆಯುವ ಹೊಲದಿಂದ ಬಸಿದ ನೀರು, ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಹರಡಿದ ಕೆರೆ. ಆ ವಿಷ ಕುದಿಸಿದರೆ ಹೋಗುವುದಿಲ್ಲ, ಇಂಥ ಫಿಲ್ಟರ್ ಅದನ್ನು ತಡೆಯುವುದೂ ಇಲ್ಲ. ಪಟ್ಟಿ ಮಾಡುವಾಗಲೇ ಇವುಗಳ ಮೇಲೆ ಗೀಟು ಎಳೆಯಿರಿ.

ನೀರು ಸಿಕ್ಕ ಕಡೆ ನಿಂತು ಕುಡಿಯುವುದನ್ನು ರೂಢಿ ಮಾಡಿಕೊಳ್ಳಿ. ಹತ್ತು ನಿಮಿಷ ಕೂತು ಅರ್ಧ, ಮುಕ್ಕಾಲು ಲೀಟರ್ ನಿಧಾನಕ್ಕೆ ಕುಡಿದರೆ ಅಷ್ಟು ಭಾರ ಬೆನ್ನಿನಿಂದ ಇಳಿದ ಹಾಗೆ. ಬೆವರು ಸುರಿಯುವ ದಿನ ಬರೀ ನೀರನ್ನೇ ಅತಿಯಾಗಿ ಕುಡಿದರೂ ತೊಂದರೆ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗಲಿಬಿಲಿ ಶುರುವಾಗುತ್ತದೆ. ಉಪ್ಪಿರುವ ತಿಂಡಿ ಅಥವಾ ಓಆರ್‌ಎಸ್ ಜೊತೆಗಿರಲಿ.

6. ದಿನ ಹೊಂದಿಸುವುದು, ಆಹಾರ, ಫೋನ್

ಈಗ ನೀರು, ಟೆಂಟ್ ಜಾಗ ಎರಡೂ ಹಾಳೆಯ ಮೇಲಿವೆ. ಅವುಗಳನ್ನು ಜೋಡಿಸಿದರೆ ದಿನಗಳು ಬರುತ್ತವೆ. ಮೊದಲ ಎರಡು ದಿನ ಕಡಿಮೆ ಇರಲಿ. ಬ್ಯಾಗಿನಲ್ಲಿ ಆಹಾರವೆಲ್ಲ ತುಂಬಿರುತ್ತದೆ, ಕಾಲು ಇನ್ನೂ ಹೊಂದಿಕೊಂಡಿರುವುದಿಲ್ಲ. ಸೂರ್ಯ ಮುಳುಗಲು ಎರಡು ಗಂಟೆ ಮೊದಲೇ ಟೆಂಟ್ ಜಾಗ ಮುಟ್ಟುವಂತೆ ಲೆಕ್ಕ ಹಾಕಿ. ಆರೇಳು ದಿನ ಮೀರಿದ ಚಾರಣವಾದರೆ ನಡುವೆ ಒಂದು ಖಾಲಿ ದಿನ ಇಡಿ. ವಿಶ್ರಾಂತಿಗೆ ಅಂತಲೇ ಇಡಬೇಕಿಲ್ಲ, ಮಳೆಗೆ ಸಿಕ್ಕಿಬಿದ್ದರೆ ಆಗುತ್ತದೆ.

ಆಹಾರ ಒಣ ಪದಾರ್ಥವಾದರೆ ಒಬ್ಬರಿಗೆ ದಿನಕ್ಕೆ 600ರಿಂದ 900 ಗ್ರಾಂ ತೂಗುತ್ತದೆ. ಒಂದು ವಾರಕ್ಕೆ 4ರಿಂದ 6 ಕಿಲೋ ಆಗುತ್ತದೆ. ಅತಿ ಉದ್ದದ ಒಣ ತುಂಡು ಯಾವ ದಿನ ಬರುತ್ತದೆ ನೋಡಿ. ಅದು ಎರಡನೇ ದಿನವೇ ಬಂದರೆ ತುಂಬಿದ ಆಹಾರ, ತುಂಬಿದ ನೀರು ಎರಡೂ ಒಟ್ಟಿಗೆ. ದಾರಿಯನ್ನು ಆ ಕಡೆಯಿಂದ ಈ ಕಡೆಗೆ ನಡೆದರೆ ಅದೇ ತುಂಡು ಕೊನೆಗೆ, ಬ್ಯಾಗ್ ಹಗುರಾದಾಗ ಬರುತ್ತದೆ. ದಿಕ್ಕು ಬದಲಿಸುವುದಕ್ಕೆ ಖರ್ಚೇನೂ ಇಲ್ಲ. ಆದರೂ ಈ ಬಗ್ಗೆ ಯೋಚಿಸುವವರು ಕಡಿಮೆ.

ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು ಏರೋಪ್ಲೇನ್ ಮೋಡಿನಲ್ಲಿ ಇಡಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಕಾಗದದ ನಕ್ಷೆ ಮತ್ತು ಆ ನೀರಿನ ಪಟ್ಟಿಯ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ ಇರಲೇಬೇಕು.

7. ಎಲ್ಲಿಂದ ವಾಪಸ್ ಬರಬೇಕು ಎಂದು ಮೊದಲೇ ಬರೆಯಿರಿ

ಒಣ ತುಂಡಿನ ನಡುವೆ ನಿಂತು, ಬಾಯಾರಿದಾಗ, ಯಾರೂ ಸರಿಯಾಗಿ ಯೋಚಿಸುವುದಿಲ್ಲ. ಹಾಗಾಗಿ ತೀರ್ಮಾನವನ್ನು ಮನೆಯಲ್ಲೇ ಮಾಡಿ ಹಾಳೆಯ ಮೇಲೆ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ 7ರಿಂದ 27ರ ನಡು ಜಾಗ 17ನೇ ಕಿ.ಮೀ. ಅಲ್ಲಿ ಬಾಟಲಿ ನೋಡಿ. ಮುಂದಿನ 10 ಕಿ.ಮೀ.ಗೆ ಬೇಕಾದಷ್ಟು ನೀರು ಉಳಿದಿಲ್ಲ ಎಂದರೆ ಹಿಂದಿನ 10 ಕಿ.ಮೀ.ಗೂ ಉಳಿದಿಲ್ಲ ಎಂದೇ ಅರ್ಥ. ಹಾಗಾಗಿ ಪರೀಕ್ಷೆ ಅದಕ್ಕಿಂತ ಮೊದಲೇ ಆಗಬೇಕು. 12ನೇ ಕಿ.ಮೀ.ನ ಒರತೆ ಒಳ್ಳೆಯ ಜಾಗ. ಅದು ಒಣಗಿದ್ದು, ಹಳ್ಳ ಬಿಟ್ಟಾಗ ಇದ್ದ ನೀರಿನಲ್ಲಿ ಅರ್ಧದಷ್ಟು ಆಗಲೇ ಖರ್ಚಾಗಿದ್ದರೆ ಹಳ್ಳಕ್ಕೆ ವಾಪಸ್. ಬರೀ 5 ಕಿ.ಮೀ. "19ರ ಹೊಂಡದಲ್ಲಿ ಇರಬಹುದು" ಅನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ.

ಪ್ರತಿ ದಿನದ ದಾರಿಯಿಂದ ರಸ್ತೆಗೋ ಹಳ್ಳಿಗೋ ಇಳಿಯುವ ಅಡ್ಡದಾರಿ ಎಲ್ಲಿದೆ ಎಂದೂ ಗುರುತು ಮಾಡಿ. ಆ ದಾರಿ ನಿಜವಾಗಿ ಇದೆಯೇ ಎಂದು ಉಪಗ್ರಹ ಚಿತ್ರದಲ್ಲಿ ನೋಡಿ. ನಕ್ಷೆಯಲ್ಲಿರುವ ಎಷ್ಟೋ ಕಾಲುದಾರಿಗಳ ಮೇಲೆ ಈಗ ಕಾಡು ಬೆಳೆದಿರುತ್ತದೆ.

ಹೊರಡುವ ಹಿಂದಿನ ದಿನ ಇಡೀ ಹಾಳೆಯ ಫೋಟೋ ತೆಗೆದು, ಜೊತೆಗೆ ಬಾರದ, ಫೋನ್ ಎತ್ತುವ ಒಬ್ಬರಿಗೆ ಕಳಿಸಿ. ಅದರಲ್ಲಿ ಒಂದೊಂದು ರಾತ್ರಿಯ ಎರಡೂ ಟೆಂಟ್ ಜಾಗ, ಟೆಂಟಿನ ಬಣ್ಣ, ಜೊತೆಗಿರುವವರ ಹೆಸರು ಇರಲಿ. ನೀವು ಯಾವ ದಿನ, ಎಷ್ಟು ಗಂಟೆಯೊಳಗೆ ಫೋನ್ ಮಾಡದಿದ್ದರೆ ಅವರು ಯಾವ ನಂಬರಿಗೆ ತಿಳಿಸಬೇಕು ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. ಆ ಗಡುವಿಗೆ ಅರ್ಧ ದಿನದ ಸಡಿಲ ಕೊಡಿ. ಇಳಿದು ಬಂದು ಸಿಗ್ನಲ್ ಸಿಕ್ಕ ಕೂಡಲೇ ಮೊದಲ ಫೋನ್ ಅವರಿಗೇ ಹೋಗಬೇಕು.